ತಾಳಮದ್ದಳೆಯ ಧ್ವನಿಮುದ್ರಣಕ್ಕೆ ಯಾವ ಆಪರೇಟಿಂಗ್ ಸಿಸ್ಟಂ?

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳ ಜಗಲಿಯಲ್ಲಿ, ದೇವಸ್ಥಾನಗಳ ಸಭಾಭವನದಲ್ಲಿ, ವೇಷ ಕುಣಿತಗಳಿಲ್ಲದೆ ಭಾಗವತರ ಹಾಡುಗಾರಿಕೆ ಮತ್ತು ಅರ್ಥಧಾರಿಗಳ ಮಾತುಗಾರಿಕೆಯೇ ಆಧಾರವಾದ ಯಕ್ಷಗಾನ, ಅಂದರೆ ತಾಳಮದ್ದಳೆ ನಡೆಯುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿ ಕಾಪಾಡಬೇಕೆಂಬ ಆಸಕ್ತಿಯುಳ್ಳ ಹುಡುಗರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಈ ಕೆಲಸದಲ್ಲಿ ಕೆಲವು ಕಾಲದಿಂದ ತೊಡಗಿರುವ ನನ್ನನ್ನು ಅವರು ಕೇಳುವ ಮೊದಲ ಪ್ರಶ್ನೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರರಲ್ಲಿ ಧ್ವನಿ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಎಂಬುದು. ಸರಿಯಾಗಿ ಹೊಂದಿಸಿಕೊಂಡರೆ ಮೂರರಲ್ಲಿಯೂ ಧ್ವನಿಯ ಗುಣ ಒಂದೇ ಎಂಬುದೇ ನನ್ನ ಉತ್ತರ. ಭಾಗವತರ ಕಂಠವನ್ನು ಸಂಖ್ಯೆಗಳಾಗಿ ಬದಲಿಸುವುದು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿನೊಳಗಿನ ಚಿಪ್ಪೇ ಹೊರತು ಆಪರೇಟಿಂಗ್ ಸಿಸ್ಟಂ ಅಲ್ಲ. ಆ ಸಂಖ್ಯೆಗಳನ್ನು ಯಾರು ಮೊದಲು ಮುಟ್ಟುತ್ತಾರೆ, ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತಾರೆ, ಯಾವ ಗಡಿಯಾರಕ್ಕೆ ಹೊಂದಿಸಿ ಮುಂದಕ್ಕೆ ಕಳಿಸುತ್ತಾರೆ ಎಂಬ ವಿಷಯದಲ್ಲಿ ಮಾತ್ರ ಈ ಮೂರೂ ಬೇರೆ ಬೇರೆ ದಾರಿ ಹಿಡಿದಿವೆ. ನಮ್ಮ ಕೆಲಸ ಸಲೀಸಾಗುವುದೂ ಕೆಡುವುದೂ ಆ ದಾರಿಗಳಿಂದಲೇ.

ಮೊದಲು ಬಫರ್ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಗುಡ್ಡದ ಮೇಲಿನಿಂದ ಅಬ್ಬಿ ನೀರನ್ನು ಹಾಯಿಸಿಕೊಂಡಿರುವ ಮನೆಗಳಲ್ಲಿ ನೀರು ಒಮ್ಮೊಮ್ಮೆ ಸಣ್ಣದಾಗಿ, ಒಮ್ಮೊಮ್ಮೆ ಜೋರಾಗಿ ಬಂದರೂ ನಡುವೆ ಒಂದು ತೊಟ್ಟಿ ಇರುವುದರಿಂದ ನಲ್ಲಿಯಲ್ಲಿ ಧಾರೆ ಕಡಿಯುವುದಿಲ್ಲ. ಬಫರ್ ಮಾಡುವುದೂ ಅದನ್ನೇ. ಕಂಪ್ಯೂಟರಿನ ಪ್ರೊಸೆಸರ್ ನೂರೆಂಟು ಕೆಲಸಗಳ ನಡುವೆ ಧ್ವನಿಯ ಕಡೆಗೆ ಗಮನ ಕೊಡುವುದರಿಂದ, ಧ್ವನಿಯನ್ನು ಅಳೆದ ಸಂಖ್ಯೆಗಳಾದ ಒಂದಿಷ್ಟು ಸ್ಯಾಂಪಲ್‌ಗಳನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 1024 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 21 ಮಿಲಿಸೆಕೆಂಡ್ ತಡ. 256 ಸ್ಯಾಂಪಲ್ ಎಂದರೆ 5.3 ಮಿಲಿಸೆಕೆಂಡ್, 128 ಎಂದರೆ 2.7 ಮಿಲಿಸೆಕೆಂಡ್. ಇದು ಒಂದು ದಿಕ್ಕಿನ ಲೆಕ್ಕ. ಮೈಕಿನಿಂದ ಒಳಗೆ ಹೋಗಿ ಹೆಡ್‌ಫೋನಿಗೆ ಹಿಂದಿರುಗುವಾಗ ಇದು ಇಮ್ಮಡಿಯಾಗುತ್ತದೆ, ಜೊತೆಗೆ ಇಂಟರ್‌ಫೇಸಿನೊಳಗಿನ ತಡವೂ ಸೇರಿಕೊಳ್ಳುತ್ತದೆ.

ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಭಾಗವತರ ಮಗ್ಗುಲಲ್ಲೇ ಕೂರುವ ಮದ್ದಳೆಗಾರರಿಗೆ ಅಷ್ಟು ತಡ ಅಭ್ಯಾಸವಾಗಿಯೇ ಇರುತ್ತದೆ. ಆದರೆ ಮೊದಲೇ ಮುದ್ರಿಸಿದ ಪದ್ಯಕ್ಕೆ ಅವರು ಹೆಡ್‌ಫೋನ್ ಹಾಕಿಕೊಂಡು ಮದ್ದಳೆ ನುಡಿಸುವಾಗ, ತಮ್ಮ ಬೆರಳಿನ ಪೆಟ್ಟು ತಮಗೆ 20 ಮಿಲಿಸೆಕೆಂಡ್ ತಡವಾಗಿ ಕೇಳಿಸಿದರೆ ಕೈ ತಾನಾಗಿ ಹಿಂಜರಿಯುತ್ತದೆ. ತಡವಾಗಿ ಕೇಳಿದ್ದನ್ನು ಸರಿದೂಗಿಸಲು ಅವರು ಮುಂದಾಗಿ ನುಡಿಸತೊಡಗುತ್ತಾರೆ, ಏಕತಾಳದಂಥ ಚುರುಕಾದ ನಡೆಯಲ್ಲಿ ಪದ್ಯವೂ ಪೆಟ್ಟೂ ಒಂದಕ್ಕೊಂದು ತಗಲದಂತಾಗುತ್ತವೆ. ನಾನು ಕಂಡಂತೆ 10 ಮಿಲಿಸೆಕೆಂಡಿನ ಒಳಗಿದ್ದರೆ ಅನುಭವಿ ಮದ್ದಳೆಗಾರರೂ ದೂರುವುದಿಲ್ಲ. ಆ ಅಂಕಿಯ ಒಳಗೆ, ನಡುವೆ ಎಲ್ಲಿಯೂ ಕಡಿಯದಂತೆ, ಗಂಟೆಗಟ್ಟಲೆ ಧ್ವನಿಯನ್ನು ನಡೆಸಿಕೊಂಡು ಹೋಗುವ ಶಕ್ತಿಯೇ ಆಪರೇಟಿಂಗ್ ಸಿಸ್ಟಮಿನ ನಿಜವಾದ ಪರೀಕ್ಷೆ.

ವಿಂಡೋಸ್ ಈ ಪರೀಕ್ಷೆಯಲ್ಲಿ ಬಹಳ ಕಾಲ ಹಿಂದೆ ಬಿದ್ದಿತ್ತು. ವಿಂಡೋಸ್ 2000 ಮತ್ತು ಎಕ್ಸ್‌ಪಿಯ ಕಾಲದಲ್ಲಿ ಎಲ್ಲ ಪ್ರೋಗ್ರಾಂಗಳ ಧ್ವನಿಯನ್ನೂ ಬೆರೆಸುತ್ತಿದ್ದುದು ಸಿಸ್ಟಮಿನ ತಿರುಳಾದ ಕರ್ನಲ್‌ನೊಳಗಿದ್ದ ಕೆಮಿಕ್ಸರ್ ಎಂಬ ಭಾಗ. ಅದೊಂದರಿಂದಲೇ ಸುಮಾರು 30 ಮಿಲಿಸೆಕೆಂಡ್ ತಡ ಸೇರುತ್ತಿತ್ತು. ವಿಂಡೋಸಿನ ಇಂಥ ನಡುಹಂತಗಳನ್ನು ಬಳಸದೆ ನೇರವಾಗಿ ಇಂಟರ್‌ಫೇಸ್ ತಲುಪಲೆಂದು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಅದಕ್ಕೂ ಮೊದಲೇ, 1997ರಲ್ಲಿ, ಎಎಸ್ಐಒ ಎಂಬ ಪದ್ಧತಿಯನ್ನು ತಂದಿತು. ಮೈಕ್ರೋಸಾಫ್ಟ್ ಅಲ್ಲದ ಒಂದು ಕಂಪನಿ ಮಾಡಿದ ಈ ಒಳದಾರಿಯೇ ಇಂದಿಗೂ ವಿಂಡೋಸ್ ಸ್ಟುಡಿಯೊಗಳ ಹೆದ್ದಾರಿಯಾಗಿ ಉಳಿದಿದೆ. ವಿಂಡೋಸ್ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ತನ್ನ ಧ್ವನಿ ವ್ಯವಸ್ಥೆಯನ್ನು ಬುಡದಿಂದ ಹೊಸದಾಗಿ ಬರೆಯಿತು. ಬೆರೆಸುವ ಕೆಲಸ ಕರ್ನಲ್‌ನಿಂದ ಹೊರಬಂದು ಒಂದು ಪ್ರತ್ಯೇಕ ಆಡಿಯೊ ಎಂಜಿನ್ನಿಗೆ ಬಂತು, ಲೆಕ್ಕವೆಲ್ಲ 32 ಬಿಟ್ ಫ್ಲೋಟ್‌ನಲ್ಲಿ ನಡೆಯತೊಡಗಿತು. ವಾಸಪಿ ಎಂದು ಕರೆಯುವ ಈ ಹೊಸ ವ್ಯವಸ್ಥೆಯಲ್ಲಿ ಎರಡು ರೀತಿಗಳು ಇವೆ: ಎಲ್ಲ ಪ್ರೋಗ್ರಾಂಗಳೂ ಒಂದೇ ಸಾಧನವನ್ನು ಹಂಚಿಕೊಳ್ಳುವ ಶೇರ್ಡ್ ಮೋಡ್, ಒಂದೇ ಪ್ರೋಗ್ರಾಂ ಸಾಧನವನ್ನು ಪೂರ್ತಿಯಾಗಿ ತನ್ನದಾಗಿಸಿಕೊಳ್ಳುವ ಎಕ್ಸ್‌ಕ್ಲೂಸಿವ್ ಮೋಡ್.

ಶೇರ್ಡ್ ಮೋಡ್‌ನಲ್ಲಿ ಎಂಜಿನ್ 10 ಮಿಲಿಸೆಕೆಂಡಿಗೊಮ್ಮೆ ಎಚ್ಚರಗೊಂಡು ಕೆಲಸ ಮಾಡುವುದು ಹಿಂದಿನಿಂದ ಬಂದ ರೂಢಿ. ವಿಂಡೋಸ್ 10ರಲ್ಲಿ ಈ ಅವಧಿಯನ್ನು ಇನ್ನೂ ಕಿರಿದಾಗಿಸಲು ಅವಕಾಶ ಬಂದಿದೆಯಾದರೂ ಅದಕ್ಕೆ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರೂ ಪ್ರೋಗ್ರಾಮೂ ಎರಡೂ ಒಪ್ಪಬೇಕು. ಸಾಧನದ ದರ 48 ಕಿಲೋಹರ್ಟ್ಸ್ ಎಂದು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಗದಿಯಾಗಿದ್ದರೆ, 44.1 ಕಿಲೋಹರ್ಟ್ಸ್‌ನ ಹಳೆಯ ಸಿ.ಡಿ. ಧ್ವನಿಯನ್ನು ನುಡಿಸುವಾಗ ದಾರಿಯಲ್ಲಿ ದರ ಬದಲಾವಣೆ ಆಗಿಯೇ ಆಗುತ್ತದೆ. ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಈ ಯಾವುದೂ ನಡುವೆ ಬರುವುದಿಲ್ಲ, ಫೈಲಿನಲ್ಲಿದ್ದ ಸಂಖ್ಯೆಗಳೇ ಒಂದೂ ಬದಲಾಗದೆ ಇಂಟರ್‌ಫೇಸ್ ಸೇರುತ್ತವೆ. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿದ ಧ್ವನಿಯನ್ನು ಒಂದೊಂದಾಗಿ ಕೇಳಿ ಪರಿಶೀಲಿಸುವ ಕೆಲಸಕ್ಕೆ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಬೇಕಿಲ್ಲ.

ವಿಂಡೋಸಿನಲ್ಲಿ ನಮ್ಮ ಕೆಲಸಕ್ಕೆ ತೊಡಕಾಗುವುದು ಎಂಜಿನ್ನಿಗಿಂತ ಅದರ ಸುತ್ತ ಸೇರಿಕೊಂಡಿರುವ ಉಪಕಾರಗಳು. ಲ್ಯಾಪ್‌ಟಾಪ್ ತಯಾರಿಸಿದವರು ಮೈಕಿನ ದಾರಿಯಲ್ಲಿ ಗದ್ದಲ ತಗ್ಗಿಸುವ, ಪ್ರತಿಧ್ವನಿ ಅಳಿಸುವ ಸಂಸ್ಕರಣೆಗಳನ್ನು ಅಳವಡಿಸಿರುತ್ತಾರೆ. ಇಬ್ಬರು ಮಾತಾಡುವ ಕರೆಗೆ ಅದು ಸರಿ. ಆದರೆ ಚೆಂಡೆಯ ಪೆಟ್ಟಿನ ನಂತರ ಉಳಿಯುವ ಗುಂಗನ್ನು ಅದು ಗದ್ದಲವೆಂದು ತಿಳಿದು ಕತ್ತರಿಸಿಬಿಡುತ್ತದೆ, ಶ್ರುತಿಪೆಟ್ಟಿಗೆಯ ಎಡೆಬಿಡದ ನಾದವನ್ನಂತೂ ಫ್ಯಾನಿನ ಸದ್ದೆಂದೇ ಬಗೆದು ನಿಧಾನವಾಗಿ ಅಳಿಸುತ್ತ ಹೋಗುತ್ತದೆ. ಜೊತೆಗೆ ಕಂಪ್ಯೂಟರಿನಲ್ಲಿ ಯಾವುದಾದರೂ ಕರೆ ಶುರುವಾದರೆ ಉಳಿದ ಧ್ವನಿಗಳನ್ನು 80 ಪ್ರತಿಶತ ತಗ್ಗಿಸುವ ಆಯ್ಕೆ ವಿಂಡೋಸ್ 7ರಿಂದ ಮೊದಲೇ ಚಾಲೂ ಆಗಿ ಬರುತ್ತಿದೆ. ಸೌಂಡ್ ಕಿಟಕಿಯ ಕಮ್ಯುನಿಕೇಶನ್ಸ್ ಪುಟದಲ್ಲಿ ಅದನ್ನೂ, ಮೈಕಿನ ಪ್ರಾಪರ್ಟೀಸಿನಲ್ಲಿ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬುದನ್ನೂ ಮೊದಲು ಆಫ್ ಮಾಡಿ, ಆಮೇಲೆ ಕೆಲಸಕ್ಕೆ ಕೂರಬೇಕು.

ಇನ್ನು ಡ್ರೈವರಿನ ವಿಷಯ. ಯುಎಸ್‌ಬಿ ಆಡಿಯೊ ಸಾಧನಗಳ ಎರಡನೆಯ ಆವೃತ್ತಿಯ ಮಾನದಂಡ 2006ರಲ್ಲಿಯೇ ಪ್ರಕಟವಾಗಿತ್ತು. ಲಿನಕ್ಸ್ ಮತ್ತು ಮ್ಯಾಕ್ 2010ರ ಹೊತ್ತಿಗೆ ಅದನ್ನು ಅಳವಡಿಸಿಕೊಂಡವು. ವಿಂಡೋಸಿನಲ್ಲಿ ಅದಕ್ಕೆ ಸ್ವಂತ ಡ್ರೈವರ್ ಬಂದದ್ದು 2017ರಲ್ಲಿ. ಅಷ್ಟು ವರ್ಷ ಪ್ರತಿ ಕಂಪನಿಯೂ ತನ್ನದೇ ಡ್ರೈವರ್ ಕೊಡಬೇಕಾಗಿತ್ತು, ಕಂಪನಿ ಆಸಕ್ತಿ ಕಳೆದುಕೊಂಡ ದಿನ ಸಾಧನವೂ ಮೂಲೆ ಸೇರಬೇಕಾಗಿತ್ತು. ನನ್ನಲ್ಲಿರುವ ಒಂದು ಇಂಟರ್‌ಫೇಸಿನ ಡ್ರೈವರ್ ವಿಂಡೋಸಿನ ಹೊಸ ಆವೃತ್ತಿಗೆ ಹೊಂದಲಿಲ್ಲ, ತಯಾರಿಸಿದವರು ಹೊಸದನ್ನು ಕೊಡಲೂ ಇಲ್ಲ. ಅದೇ ಪೆಟ್ಟಿಗೆ ಲಿನಕ್ಸ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಯಾವ ಡ್ರೈವರನ್ನೂ ಕೇಳದೆ ಈಗಲೂ ಎಲ್ಲ ಚಾನೆಲ್‌ಗಳೊಂದಿಗೆ ನಡೆಯುತ್ತದೆ. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಕ್ಲಾಸ್ ಕಂಪ್ಲಯಂಟ್, ಅಂದರೆ ಮಾನದಂಡಕ್ಕೆ ಹೊಂದುವುದರಿಂದ ಕಂಪನಿಯ ಡ್ರೈವರ್ ಬೇಡದ್ದು, ಎಂಬ ಮಾತು ಇದೆಯೇ ಎಂದು ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮ್ಯಾಕ್ ವಿಷಯದಲ್ಲಿ ಹೇಳಬೇಕಾದ ಮೊದಲ ಮಾತು ಮೆಚ್ಚುಗೆಯದು. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗಿನಿಂದ ಕೋರ್ ಆಡಿಯೊ ಎಂಬ ಒಂದೇ ವ್ಯವಸ್ಥೆ ಅಲ್ಲಿ ನೆಲೆಯಾಗಿದೆ. ಸ್ಟುಡಿಯೊಗೆ ಒಂದು ದಾರಿ, ಮನೆಮಂದಿಗೆ ಒಂದು ದಾರಿ ಎಂಬ ಭೇದ ಅಲ್ಲಿಲ್ಲ. ಹಾಡು ಕೇಳುವ ಪ್ರೋಗ್ರಾಮೂ, ಇಪ್ಪತ್ತು ಟ್ರ್ಯಾಕ್ ಮುದ್ರಿಸುವ ಪ್ರೋಗ್ರಾಮೂ ಒಂದೇ ಬಾಗಿಲಿನಿಂದ ಬಂದು, ಒಂದೇ ಸಾಧನವನ್ನು ಒಟ್ಟಿಗೆ ಬಳಸುತ್ತವೆ. ತಮಗೆ ಬೇಕಾದ ಬಫರ್ ಅಳತೆಯನ್ನು ಮಾತ್ರ ತಾವು ತಾವೇ ಆರಿಸಿಕೊಳ್ಳುತ್ತವೆ. ಸಾಧನದ ಗಡಿಯಾರ ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬುದನ್ನು ಸಮಯದ ಗುರುತುಗಳಿಂದ ಲೆಕ್ಕ ಹಾಕುತ್ತಾ, ಮುಂದಿನ ಬಫರ್ ಯಾವ ಕ್ಷಣಕ್ಕೆ ಬೇಕಾಗುತ್ತದೆ ಎಂದು ಮುಂಚಿತವಾಗಿ ತಿಳಿದು, ಆ ಕ್ಷಣಕ್ಕೆ ಸರಿಯಾಗಿ ಪ್ರೋಗ್ರಾಮನ್ನು ಎಬ್ಬಿಸುವುದು ಕೋರ್ ಆಡಿಯೊದ ಕ್ರಮ. ಕಡಿಮೆ ತಡದಲ್ಲಿಯೂ ಹಂಚಿಕೆ ಸಾಧ್ಯವಾಗಿರುವುದು ಈ ಕ್ರಮದಿಂದ. ಮೂರರಲ್ಲಿ ಮೊದಲ ದಿನದಿಂದಲೂ ಸರಿಯಾದ ತಳಹದಿ ಇದ್ದದ್ದು ಮ್ಯಾಕಿನಲ್ಲಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಅಲ್ಲಿನ ಕೊರತೆಗಳೂ ಉಂಟು: ಒಂದೊಂದು ಪ್ರೋಗ್ರಾಮಿನ ಧ್ವನಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ ವಿಂಡೋಸಿನಲ್ಲಿ ವಿಸ್ಟಾದಿಂದ ಇದ್ದರೂ ಮ್ಯಾಕಿನಲ್ಲಿ ಅದು ವ್ಯವಸ್ಥೆಯೊಳಗೇ ಇಲ್ಲ, ಬೇರೆ ಬೇರೆ ದರದ ಫೈಲುಗಳನ್ನು ನುಡಿಸುವಾಗ ಸಾಧನದ ದರವನ್ನು ಮ್ಯಾಕಿನ ಹೊಂದಾಣಿಕೆಯ ಪ್ರೋಗ್ರಾಮಾದ ಆಡಿಯೊ ಮಿಡಿ ಸೆಟಪ್‌ನಲ್ಲಿ ಕೈಯಾರೆ ಬದಲಿಸಬೇಕಾಗುತ್ತದೆ. ಇವೆಲ್ಲಕ್ಕಿಂತ ಮೊದಲು ಬೆಲೆಯ ಮಾತಿದೆ, ಅದನ್ನು ಅಡಿಕೆಯ ಧಾರಣೆ ನೋಡಿಕೊಂಡು ಖರ್ಚು ಮಾಡುವ ಮನೆಗಳಿಗೆ ನಾನು ವಿವರಿಸಬೇಕಿಲ್ಲ.

ಲಿನಕ್ಸಿನ ಕಥೆ ಹೆಚ್ಚು ಏರಿಳಿತದ್ದು. 1992ರಲ್ಲಿ ಫಿನ್‌ಲೆಂಡಿನ ಹಾನ್ನು ಸವೊಲಾಯ್ನೆನ್ ಬರೆದ ಧ್ವನಿ ಡ್ರೈವರ್ ಓಎಸ್ಎಸ್ ಎಂಬ ಹೆಸರಿನಲ್ಲಿ ಬೆಳೆಯಿತು; ಅದರ ಜಾಗಕ್ಕೆ ಯಾರೊಸ್ಲಾವ್ ಕಿಸೆಲಾ ಆರಂಭಿಸಿದ ಆಲ್ಸಾ ಬಂದು, 2003ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2.6 ಕರ್ನಲ್‌ನ ಭಾಗವಾಯಿತು. ಆಲ್ಸಾ ಸಾಧನವನ್ನು ಮಾತಾಡಿಸುವುದರಲ್ಲಿ ಗಟ್ಟಿ, ಆದರೆ ನೇರವಾಗಿ ತೆರೆದಾಗ ಒಂದು ಪ್ರೋಗ್ರಾಮಿಗೆ ಕೊಟ್ಟ ಸಾಧನವನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಹಂಚಿಕೊಳ್ಳಲೆಂದು 2004ರಿಂದ ಬೆಳೆದ ಪಲ್ಸ್‌ಆಡಿಯೊ ದಿನನಿತ್ಯದ ಬಳಕೆಗೆ, 2002ರ ಸುಮಾರಿಗೆ ಪಾಲ್ ಡೇವಿಸ್ ಮೊದಲಾದವರು ಕಟ್ಟಿದ ಜ್ಯಾಕ್ ಸಂಗೀತದ ಕೆಲಸಕ್ಕೆ, ಹೀಗೆ ಎರಡು ಪ್ರತ್ಯೇಕ ವ್ಯವಸ್ಥೆಗಳು ಬೆಳೆದವು. ಧ್ವನಿಮುದ್ರಣಕ್ಕೆ ಕೂರುವ ಮುನ್ನ ಪಲ್ಸ್‌ಆಡಿಯೊವನ್ನು ಬದಿಗಿಟ್ಟು ಜ್ಯಾಕ್ ಆರಂಭಿಸುವುದು, ಮುಗಿದ ಮೇಲೆ ಮತ್ತೆ ತಿರುಗಿಸುವುದು ವರ್ಷಗಳ ಕಾಲ ಲಿನಕ್ಸ್ ಬಳಸುವವರ ನಿತ್ಯವಿಧಿಯಾಗಿತ್ತು, ಅದನ್ನು ಕಂಡು ಅನೇಕರು ಲಿನಕ್ಸಿಗೆ ಕೈಮುಗಿದು ಹೊರಟರು.

ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ಬರೆದ ಪೈಪ್‌ವೈರ್ ಈ ಎರಡನ್ನೂ ಒಂದಾಗಿಸಿತು. 2021ರ ಏಪ್ರಿಲ್‌ನ ಲಿನಕ್ಸ್ ಆವೃತ್ತಿ ಫೆಡೋರಾ 34ರಲ್ಲಿಯೂ, ಮರುವರ್ಷ ಉಬುಂಟು 22.10ರಲ್ಲಿಯೂ ಅದೇ ಮೂಲ ಧ್ವನಿ ವ್ಯವಸ್ಥೆಯಾಯಿತು. ಪಲ್ಸ್‌ಆಡಿಯೊಗೆ ಬರೆದ ಬ್ರೌಸರೂ, ಜ್ಯಾಕ್‌ಗೆ ಬರೆದ ಆರ್ಡೂರ್ ಎಂಬ ಧ್ವನಿಮುದ್ರಣ ಪ್ರೋಗ್ರಾಮೂ ತಾವು ಹಳೆಯ ವ್ಯವಸ್ಥೆಯೊಂದಿಗೇ ಮಾತಾಡುತ್ತಿದ್ದೇವೆಂದು ತಿಳಿದು ಪೈಪ್‌ವೈರ್‌ನೊಂದಿಗೆ ಮಾತಾಡುತ್ತವೆ. ಯಾವ ಪ್ರೋಗ್ರಾಮಿನಿಂದ ಹೊರಬರುವ ಧ್ವನಿಯನ್ನಾದರೂ ಇನ್ನಾವುದರ ಒಳಕ್ಕೂ ಗೆರೆ ಎಳೆದು ಜೋಡಿಸಬಹುದು. ದೂರದೂರಿನಿಂದ ಕರೆಯ ಮೂಲಕ ಭಾಗವಹಿಸುವ ಅರ್ಥಧಾರಿಯ ಮಾತನ್ನು ಒಂದು ಟ್ರ್ಯಾಕಿಗೂ ಜಗಲಿಯ ಮೈಕನ್ನು ಇನ್ನೊಂದು ಟ್ರ್ಯಾಕಿಗೂ ಹಾಯಿಸಲು ಮ್ಯಾಕ್ ಮತ್ತು ವಿಂಡೋಸಿನಲ್ಲಿ ಸಾಮಾನ್ಯವಾಗಿ ಬೇರೆ ಪ್ರೋಗ್ರಾಂ ತಂದು ಹಾಕಿಕೊಳ್ಳಬೇಕು, ಇಲ್ಲಿ ಅದು ವ್ಯವಸ್ಥೆಯೊಳಗೇ ಇದೆ. ಕರ್ನಲ್‌ನ ಕಡೆಯಿಂದಲೂ ಒಳ್ಳೆಯ ಸುದ್ದಿಯಿದೆ: ನಿಗದಿತ ಸಮಯಕ್ಕೆ ತಪ್ಪದೆ ಕೆಲಸ ಮುಗಿಸುವುದಕ್ಕೆಂದು ಎರಡು ದಶಕ ಹೊರಗಿನಿಂದ ಅಂಟಿಸಿಕೊಂಡು ಬಂದಿದ್ದ ರಿಯಲ್‌ಟೈಮ್ ತಿದ್ದುಪಡಿಗಳು 2024ರ 6.12 ಕರ್ನಲ್‌ನಲ್ಲಿ ಮೂಲಕ್ಕೇ ಸೇರಿಕೊಂಡಿವೆ.

ಈ ಮೂರು ವ್ಯವಸ್ಥೆಗಳ ಸ್ವಭಾವ ಅತಿ ಸ್ಪಷ್ಟವಾಗಿ ತೋರುವುದು ಎರಡು ಯುಎಸ್‌ಬಿ ಮೈಕುಗಳನ್ನು ಒಟ್ಟಿಗೆ ಬಳಸುವಾಗ. ಹಳ್ಳಿಯ ಕೂಟದಲ್ಲಿ ನಾಲ್ಕು ಚಾನೆಲ್ಲಿನ ಇಂಟರ್‌ಫೇಸ್ ಇರುವುದು ಅಪರೂಪ. ಒಬ್ಬರ ಮನೆಯ ಯುಎಸ್‌ಬಿ ಮೈಕು ಭಾಗವತರ ಮುಂದೆ, ಇನ್ನೊಬ್ಬರದು ಅರ್ಥಧಾರಿಗಳ ನಡುವೆ, ಹೀಗೆ ಕೆಲಸ ಸಾಗುತ್ತದೆ. ಪ್ರತಿ ಮೈಕಿನೊಳಗೂ ಅದರದೇ ಹರಳಿನ ಗಡಿಯಾರವಿದೆ. ಎರಡೂ 48,000 ಎಂದು ಹೇಳಿಕೊಂಡರೂ ಅವುಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸ ಇರುವುದು ಅಸಹಜವೇನಲ್ಲ. ಅಷ್ಟು ವ್ಯತ್ಯಾಸಕ್ಕೆ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್, ನಾಲ್ಕು ಗಂಟೆಯಲ್ಲಿ ಮುಕ್ಕಾಲು ಸೆಕೆಂಡಿನಷ್ಟು ಅಂತರ ಬೀಳುತ್ತದೆ. ಮೊದಲ ಪದ್ಯದಲ್ಲಿ ಎರಡೂ ಮೈಕುಗಳ ಚೆಂಡೆ ಒಂದೇ ಪೆಟ್ಟಾಗಿ ಕೇಳುತ್ತದೆ, ಪ್ರಸಂಗದ ನಡುವಿನಲ್ಲಿ ಪೆಟ್ಟು ದಪ್ಪಗಾಗಿ ಕೇಳುತ್ತದೆ, ಕೊನೆಯ ಯುದ್ಧದ ಏರುಪದಗಳಿಗೆ ಬರುವಷ್ಟರಲ್ಲಿ ಒಂದೊಂದು ಪೆಟ್ಟೂ ಎರಡಾಗಿ, ಇಬ್ಬರು ಚೆಂಡೆಯವರು ಹೊಂದಿಕೆಯಿಲ್ಲದೆ ನುಡಿಸಿದಂತೆ ಕೇಳುತ್ತದೆ.

ವಿಂಡೋಸಿನ ಎಎಸ್ಐಒ ಪದ್ಧತಿಯಲ್ಲಿ ಪ್ರೋಗ್ರಾಂ ಒಂದು ಸಲಕ್ಕೆ ಒಂದೇ ಡ್ರೈವರನ್ನು ತೆರೆಯುತ್ತದೆ. ಎರಡು ಮೈಕುಗಳನ್ನು ಒಂದು ಡ್ರೈವರಿನಂತೆ ತೋರಿಸುವ ಹೊರಗಿನ ಪ್ರೋಗ್ರಾಂಗಳು ಇದ್ದರೂ ಗಡಿಯಾರಗಳ ಹೊಣೆ ಬಳಸುವವರ ಮೇಲೆಯೇ ಉಳಿಯುತ್ತದೆ. ಮ್ಯಾಕಿನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು, ಎರಡು ಮೈಕುಗಳನ್ನು ಸೇರಿಸಿ ಒಂದು ಅಗ್ರಿಗೇಟ್ ಡಿವೈಸ್ ಮಾಡಿ, ಒಂದನ್ನು ಮುಖ್ಯ ಗಡಿಯಾರವೆಂದು ಆರಿಸಿ, ಇನ್ನೊಂದರ ಎದುರು, ಗಡಿಯಾರಗಳ ಅಂತರವನ್ನು ಸರಿಪಡಿಸುವ ಡ್ರಿಫ್ಟ್ ಕರೆಕ್ಷನ್ ಎಂಬುದಕ್ಕೆ ಗುರುತು ಹಾಕಿದರೆ ಕೆಲಸ ಮುಗಿಯಿತು. ಪೈಪ್‌ವೈರ್‌ನಲ್ಲಿ ಅಷ್ಟೂ ಬೇಕಿಲ್ಲ. ಎರಡು ಮೈಕುಗಳನ್ನೂ ಒಂದೇ ಪ್ರೋಗ್ರಾಮಿಗೆ ಜೋಡಿಸಿದೊಡನೆ ಅದು ಒಂದು ಸಾಧನವನ್ನು ಮುಂದಾಳಾಗಿ ಇಟ್ಟುಕೊಂಡು, ಇನ್ನೊಂದರ ಸ್ಯಾಂಪಲ್‌ಗಳನ್ನು ಮುಂದಾಳಿನ ವೇಗಕ್ಕೆ ಎಡೆಬಿಡದೆ ಹೊಂದಿಸುತ್ತಾ ಹೋಗುತ್ತದೆ. ಈ ಹೊಂದಿಕೆಯಲ್ಲಿ ಎರಡನೆಯ ಮೈಕಿನ ಸಂಖ್ಯೆಗಳು ಅಲ್ಪಸ್ವಲ್ಪ ಬದಲಾಗುವುದು ನಿಜ. ಶುದ್ಧತೆಯ ಹೆಸರಿನಲ್ಲಿ ಇದನ್ನು ಆಕ್ಷೇಪಿಸುವವರಿದ್ದಾರೆ. ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ, ಏಕೆಂದರೆ ಕಿವಿಗೆ ತಿಳಿಯದ ಬದಲಾವಣೆಗಿಂತ ತಾಳ ಒಡೆದ ಧ್ವನಿಮುದ್ರಣ ನಮ್ಮ ಕಲೆಗೆ ಎಷ್ಟೋ ಪಾಲು ಹೆಚ್ಚಿನ ನಷ್ಟ.

ದರದ ಹೊಂದಾಣಿಕೆ ತಪ್ಪಿದರೆ ಶ್ರುತಿಗೂ ಪೆಟ್ಟು ಬೀಳುತ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು 48 ಎಂದು ತಿಳಿದು ನುಡಿಸಿದರೆ ಧ್ವನಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಹಾಡಿದ ಭಾಗವತರು ಬಿಳಿ ಎರಡು ಮತ್ತು ಕಪ್ಪು ಎರಡರ ನಡುವೆ ಎಲ್ಲಿಯೋ ಹಾಡಿದಂತಾಗುತ್ತದೆ, ಪದ್ಯವೂ ಓಡತೊಡಗುತ್ತದೆ. ಮೂರೂ ವ್ಯವಸ್ಥೆಗಳು ಇಂದು ದರ ಬದಲಾವಣೆಯನ್ನು ತಾವಾಗಿ ಸರಿಯಾಗಿಯೇ ಮಾಡುವುದರಿಂದ ಈ ಅವಘಡ ಅಪರೂಪ. ಆದರೂ ಫೈಲಿನ ದರವನ್ನು ಅದರ ಹೆಸರಿನಲ್ಲಿಯೇ ಬರೆದಿಡುವ ಪದ್ಧತಿ ಒಳ್ಳೆಯದು.

ಫೋನಿನಲ್ಲಿ ಮುದ್ರಿಸುವವರೇ ಈಗ ಬಹುಸಂಖ್ಯೆಯಲ್ಲಿರುವುದರಿಂದ ಅದರ ಬಗ್ಗೆಯೂ ಎರಡು ಮಾತು. ಆಂಡ್ರಾಯ್ಡ್‌ನ ತಡ ಹಿಂದೆ ಸಂಗೀತದ ಕೆಲಸಕ್ಕೆ ಬಾರದಷ್ಟು ಹೆಚ್ಚಿತ್ತು. 2017ರ ಎಂಟನೆಯ ಆವೃತ್ತಿಯಲ್ಲಿ ಎಆಡಿಯೊ ಎಂಬ ಹೊಸ ದಾರಿ ಬಂದ ಮೇಲೆ ಸುಧಾರಿಸಿದೆ. ತಡಕ್ಕಿಂತ ನಮಗೆ ಹೆಚ್ಚು ತೊಂದರೆ ಕೊಡುವುದು ಮೈಕಿನ ಮಟ್ಟವನ್ನು ತಾನಾಗಿ ಏರಿಳಿಸುವ ಸಂಸ್ಕರಣೆ. ಅರ್ಥಧಾರಿ ಒಂದು ಪ್ರಶ್ನೆ ಹಾಕಿ ಎದುರಿನವರ ಉತ್ತರಕ್ಕೆ ಕಾಯುವ ಆ ಬಿಡುವಿನಲ್ಲಿ ಫೋನು ಮಟ್ಟವನ್ನು ಏರಿಸುತ್ತಾ ಹೋಗುತ್ತದೆ, ತಗಡಿನ ಮಾಡಿನ ಮೇಲಿನ ಮಳೆ ಜಲಪಾತದಂತೆ ಕೇಳತೊಡಗುತ್ತದೆ, ಅಷ್ಟರಲ್ಲಿ ಬಿದ್ದ ಚೆಂಡೆಯ ಮೊದಲ ಪೆಟ್ಟು ಹರಿದು ಹಾಳಾಗುತ್ತದೆ. ಸಂಸ್ಕರಣೆಯಿಲ್ಲದ ಮೈಕಿನ ದಾರಿಯನ್ನು ಆಂಡ್ರಾಯ್ಡ್ 7ರಿಂದ ಒದಗಿಸಲಾಗಿದೆಯಾದರೂ ಎಲ್ಲ ಫೋನುಗಳಲ್ಲಿ ಅದು ಇರುವುದಿಲ್ಲ, ಎಲ್ಲ ಆ್ಯಪ್‌ಗಳೂ ಅದನ್ನು ಕೇಳುವುದಿಲ್ಲ; ಆ ಆಯ್ಕೆ ತೋರಿಸುವ ಆ್ಯಪ್ ಹುಡುಕಿ ಬಳಸಬೇಕು. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕನ್ನಂತೂ ಯಾವ ವ್ಯವಸ್ಥೆಯಲ್ಲಿಯೂ ಈ ಕೆಲಸಕ್ಕೆ ಬಳಸಬಾರದು. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್ಟುಗಳಲ್ಲಿ ಮೈಕು ತೆರೆದೊಡನೆ ಅದು ದೂರವಾಣಿಯ ರೀತಿಗೆ ಇಳಿದು, 8 ಅಥವಾ 16 ಕಿಲೋಹರ್ಟ್ಸ್ ದರದ ಒಂಟಿ ಚಾನೆಲ್ಲಿನ ಧ್ವನಿ ಕೊಡುತ್ತದೆ.

ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಹೀಗಿದೆ. ಮನೆಯಲ್ಲಿ ಮ್ಯಾಕ್ ಈಗಾಗಲೇ ಇದ್ದರೆ ಬೇರೇನನ್ನೂ ಯೋಚಿಸದೆ ಅದನ್ನೇ ಬಳಸಬೇಕು. ಒಳ್ಳೆಯ ಎಎಸ್ಐಒ ಡ್ರೈವರ್ ಇರುವ ಇಂಟರ್‌ಫೇಸೂ ವಿಂಡೋಸೂ ಇದ್ದರೆ, ಮೇಲೆ ಹೇಳಿದ ಆಯ್ಕೆಗಳನ್ನು ಆಫ್ ಮಾಡಿ ಅದರಲ್ಲಿಯೇ ಮುಂದುವರಿಯಬಹುದು. ಹಳೆಯ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಮೈಕುಗಳು ಮಾತ್ರ ಇರುವವರು ಪೈಪ್‌ವೈರ್ ಇರುವ ಲಿನಕ್ಸ್ ಹಾಕಿಕೊಳ್ಳುವುದು ಲೇಸು. ಕೂಟದ ಧ್ವನಿಮುದ್ರಣದಲ್ಲಿ ಹೆಡ್‌ಫೋನಿನ ತಡ ಯಾರಿಗೂ ಅಡ್ಡಿಯಾಗುವುದಿಲ್ಲವಾದ್ದರಿಂದ, ಅಲ್ಲಿ ಪೈಪ್‌ವೈರ್‌ನ ಕ್ವಾಂಟಂ ಎಂಬ ಬಫರ್ ಅಳತೆಯನ್ನು 1024ರಲ್ಲಿಯೇ ಬಿಟ್ಟು ಭದ್ರವಾಗಿರಬೇಕು. ಮದ್ದಳೆಗಾರರು ಪದ್ಯ ಕೇಳುತ್ತಾ ನುಡಿಸುವ ದಿನ ಅದನ್ನು 128ಕ್ಕೆ ಇಳಿಸಬೇಕು. ಎರಡೂ ಸಂದರ್ಭದಲ್ಲಿ ಒಂದು ಟರ್ಮಿನಲ್ ಕಿಟಕಿಯಲ್ಲಿ ಪಿಡಬ್ಲ್ಯೂ-ಟಾಪ್ (pw-top) ಎಂಬ ಆದೇಶ ಕೊಟ್ಟು ತೆರೆದಿಡಬೇಕು. ಅಲ್ಲಿ ಪ್ರತಿ ಸಾಧನದ ಸಾಲಿನಲ್ಲಿಯೂ ದೋಷಗಳನ್ನು ಎಣಿಸುವ ಒಂದು ಅಂಕಣವಿದೆ, ಧ್ವನಿ ಕಡಿದಾಗಲೆಲ್ಲ ಅಲ್ಲಿನ ಅಂಕಿ ಏರುತ್ತದೆ. ಕೂಟದ ಹಿಂದಿನ ದಿನ ಚಾರ್ಜರ್ ತೆಗೆದು, ಬ್ಯಾಟರಿಯ ಮೇಲೆಯೇ, ವೈಫೈ ಆಫ್ ಮಾಡಿ ಒಂದು ಗಂಟೆ ಖಾಲಿ ಧ್ವನಿಮುದ್ರಣ ನಡೆಸಿ ನೋಡಬೇಕು. ಅಂಕಿ ಏರುತ್ತಿದ್ದರೆ ಕ್ವಾಂಟಮನ್ನು ಒಂದು ಮೆಟ್ಟಿಲು ಹೆಚ್ಚಿಸಿ ಮತ್ತೆ ನಡೆಸಬೇಕು; ಒಂದು ಗಂಟೆ ಪೂರ್ತಿ ಅದು ಕದಲದೆ ನಿಂತ ಅಳತೆಯನ್ನೇ ಮರುದಿನಕ್ಕೆ ಇಟ್ಟುಕೊಳ್ಳಬೇಕು.